ಬೈಯದೆ ಇದ್ದ ದಿನಗಳು

ವಾಯುಪಡೆಯವರ ಮನೆಯಲ್ಲಿ ನೋವನ್ನು ಹೇಳಿಕೊಳ್ಳುವಂತಿಲ್ಲ. ಹೇಳಿದರೆ ಮೆಡಿಕಲ್ ಕೆಟಗರಿ, ಅಂದರೆ ಆರೋಗ್ಯದ ದರ್ಜೆ, ಇಳಿಯುತ್ತದೆ, ಬಡ್ತಿ ನಿಲ್ಲುತ್ತದೆ. ಹಾಗಾಗಿ ನನ್ನ ಗಂಡ ಬೆನ್ನುನೋವಿಗೆ ಸೀತಾಬರ್ಡಿ ಪೇಟೆಯಿಂದ ಮುಲಾಮು ತಂದು, ನನ್ನಿಂದ ತಿಕ್ಕಿಸಿಕೊಂಡು ಡ್ಯೂಟಿಗೆ ಹೋಗುತ್ತಿದ್ದರು. ಕಣ್ಣು ಹಳದಿಯಾದ ಮೇಲೆ ಸ್ಕ್ಯಾನ್ ಆಯಿತು. ಹೊಟ್ಟೆಯ ಹಿಂಭಾಗದ ಮೇದೋಜೀರಕ ಗ್ರಂಥಿಯಲ್ಲಿ ಕ್ಯಾನ್ಸರ್.

ಡಾಕ್ಟರು ನನ್ನನ್ನೂ ಧಾರವಾಡದಿಂದ ಬಂದಿದ್ದ ಗಂಡನ ಅಕ್ಕನನ್ನೂ ಕೂರಿಸಿಕೊಂಡು ಹಿಂದಿಯಲ್ಲಿ ವಿವರಿಸಿದರು. ದಾರ ಹಿಡಿದು ಅವರೆಬಳ್ಳಿ ಹಬ್ಬಿದಂತೆ ಇದು ನರಗಳ ಗುಂಟ ಹರಡುತ್ತದೆ, ನರಗಳೂ ಅದಕ್ಕೆ ಇಂಬು ಕೊಡುತ್ತವೆ, ಬೆನ್ನುನೋವು ಅದರದೇ ಎಂದರು. ಟೆನ್ಶನ್ನಿನಿಂದ ಹೆಚ್ಚಾಗುತ್ತದೆಯೇ ಎಂದು ಅಕ್ಕ ಕೇಳಿದರು. ಅದರ ಬಗ್ಗೆ ಇನ್ನೂ ಸಂಶೋಧನೆ ನಡೆಯುತ್ತಿದೆ, ಆದರೆ ಮನೆಯ ಜಗಳದಿಂದ ಬರುವ ರೋಗ ಇದಲ್ಲ ಎಂದು ಅವರು ಸ್ಪಷ್ಟವಾಗಿಯೇ ಹೇಳಿದರು. ಅಕ್ಕ ತಮಗೆ ಬೇಕಾದ ಅರ್ಧವನ್ನಷ್ಟೇ ಇಟ್ಟುಕೊಂಡರು.

ಕ್ವಾರ್ಟರ್ಸಿಗೆ ಬಂದವರೇ ನನ್ನನ್ನು ಅಡುಗೆಮನೆಗೆ ಕರೆದರು. "ನಿನ್ನ ಬಾಯಿಂದನ ಅವನ ನರಾ ಕೆಟ್ಟಾವು. ಅವಗ ಬರೇ ಕಾಮಣಿ ಅಂತ ಹೇಳು, ಕ್ಯಾನ್ಸರ್ ಅನಬ್ಯಾಡ. ನಕ್ಕೋತ ಇರು."

ಮೈಯೆಲ್ಲ ಉರಿದುಹೋಯಿತು. ನಾವು ಮದುವೆಯಾದಾಗಿನಿಂದ ಜಗಳವಾಡಿಕೊಂಡೇ ಬಂದವರು. ಅವರು ಹಸಿ ಟವೆಲ್ಲನ್ನು ಹಾಸಿಗೆಯ ಮೇಲೆ ಎಸೆಯುವುದು, ನಾನು ಕೂಗಾಡುವುದು, ಅವರು ತಿರುಗಿ ಕೂಗುವುದು, ಆಮೇಲೆ ಇಬ್ಬರೂ ಕೂತು ಚಹಾ ಕುಡಿಯುವುದು. ಇದರಿಂದ ಕ್ಯಾನ್ಸರ್ ಹರಡಿತಂತೆ! ಆದರೂ, ಅಕ್ಕನ ಮಾತು ಒಂದು ವೇಳೆ ನಿಜವಾದರೆ ಎಂದು ಹೆದರಿದೆ. ಅವರಿಗೆ ಬರೀ ಕಾಮಾಲೆ ಎಂದೆ. ಬಾಯಿ ಹೊಲಿದುಕೊಂಡು ಟವೆಲ್ಲು ಎತ್ತಿ ಒಣಹಾಕಿದೆ, ನಕ್ಕೆ. ಆ ನಗು ನೆನೆದರೆ ಈಗಲೂ ನನ್ನ ಮೇಲೆ ನನಗೇ ಹೇಸಿಗೆ.

ಒಂದು ಮಧ್ಯಾಹ್ನ, ಕೂಲರ್ ಬಡಿದುಕೊಳ್ಳುತ್ತಿದ್ದಾಗ, ಅವರು ಬೇಕೆಂತಲೇ ಟವೆಲ್ಲನ್ನು ನನ್ನ ದಿಂಬಿನ ಮೇಲೆ ಹಾಕಿ ನನ್ನ ಮುಖ ನೋಡುತ್ತ ಕೂತರು. ನಾನು ನಕ್ಕೆ.

"ನಾ ಇನ್ನ ಎಷ್ಟ ದಿನಾ ಇರ್ತೀನಿ?" ಎಂದರು.

"ಹಂಗ್ಯಾಕ ಕೇಳ್ತೀರಿ?"

"ನೀ ಬೈಯೂದ ಬಿಟ್ಟೀಯಲ್ಲ."

ಅಕ್ಕನ ಮೇಲಿನ ಸಿಟ್ಟು, ಹಾಳು ಕೆಟಗರಿಯ ಮೇಲಿನ ಸಿಟ್ಟು, ಅವರ ಮೇಲಿನ ಸಿಟ್ಟು ಎಲ್ಲ ಒಮ್ಮೆಲೇ ಉಕ್ಕಿತು. ಟವೆಲ್ಲು ಎತ್ತಿ ಅವರ ಮೇಲೇ ಎಸೆದೆ.

"ಬೆನ್ನ ನೂಸಿದಾಗನ ದವಾಖಾನಿಗೆ ಹೋಗಬೇಕಿತ್ತ ನೀವು! ಮುಲಾಮ ಹಚ್ಕೋತ ಕುಂತ್ರಿ! ಕ್ಯಾನ್ಸರ್ ಐತ್ರೀ ನಿಮಗ, ಕ್ಯಾನ್ಸರ್!"

ಅಕ್ಕ ಓಡಿ ಬಂದರು. ನನ್ನ ಗಂಡ ಕೈಯೆತ್ತಿ ಅಕ್ಕನನ್ನು ಬಾಗಿಲಲ್ಲೇ ತಡೆದರು.

"ಬೈಲಿ ಬಿಡಕ್ಕಾ," ಅಂದರು. "ಭಾಳ ದಿನಾ ಆತು."