ಪೂರಿ ಲಟ್ಟಿಸುತ್ತಿದ್ದವರಿಗೆ ಒಂದು ಭಾಷಣ

ವಿಕ್ಟೋರಿಯಾ ರಾಣಿಯ ಕಾಲದಲ್ಲಿ ಹೆಣ್ಣುಮಕ್ಕಳಿಗೆ ಪದವಿಯನ್ನು ಯಾರೂ ಕರೆದು ಕೊಡಲಿಲ್ಲ, ಜಗಳವಾಡಿಯೇ ಪಡೆದರು. ಹೊರದೇಶದ ಡನೀಡಿನ್ ಊರಲ್ಲಿ ಓದಿ ಅಲ್ಲಿಯದೇ ಮನುಕಾವ್‌ನಲ್ಲಿ ಪಾಠ ಹೇಳುವ ಅಂಬುಜಾ, ಹಾಗೆ ಜಗಳವಾಡಿ ಮಹಿಳಾ ಕಾಲೇಜು ಕಟ್ಟಿದ ಹೆಂಗಸೊಬ್ಬಳ ಬಗ್ಗೆ ಮೂರು ತಿಂಗಳು ಕೂತು ಬರೆದಿದ್ದಳು. ಅಲ್ಲಿನ ಕನ್ನಡ ಸಂಘದ ಮಹಿಳಾ ದಿನಕ್ಕೆ ಅದೇ ಭಾಷಣ. ನಾಲ್ವರು ಗಂಡಸರು ಸ್ತ್ರೀಶಿಕ್ಷಣದ ಬಗ್ಗೆ ಮಾತಾಡಿ ಮುಗಿಸುವವರೆಗೂ ಅವಳು ಚಡಪಡಿಸಿದಳು.

"ಆಂಟಿ, ಎರಡೇ ನಿಮಿಷ. ಪೂರಿ ಆರಿಹೋಗುತ್ತೆ," ಎಂದ ಕಾರ್ಯದರ್ಶಿ ಗುರುರಾಜ್.

ಎದುರಿಗೆ ಕೂತವರೆಲ್ಲ ಗಂಡಸರು. ಹೆಂಗಸರು ಅಡುಗೆಮನೆಯಲ್ಲಿದ್ದರು. ಅಂಬುಜಾ ಹಾಳೆ ಹಿಡಿದು ಅಲ್ಲಿಗೇ ನಡೆದಳು, ಒಲೆ ಆರಿಸಿ ಓದತೊಡಗಿದಳು. ಲಟ್ಟಣಿಗೆಗಳು ನಿಂತವು.

"ಪೂರಿ ಎಲ್ರೀ?" ಹೊರಗಿನಿಂದ ಕೂಗು.

"ಹಿಟ್ಟು ಇಲ್ಲಿದೆ, ಬನ್ನಿ!" ಎಂದಳು ಲಟ್ಟಿಸುತ್ತಿದ್ದ ಚಂಪಾ.

ಯಾರೂ ಬರಲಿಲ್ಲ. ಮುಂದಿನ ವರ್ಷವಾದರೂ ನೀವು ಎದ್ದು ಬನ್ನಿ ಸ್ವಾಮಿ, ಲಟ್ಟಣಿಗೆ ಹಿಡಿಯಿರಿ.