ನನ್ನ ಮೈಕಿನಲ್ಲಿ ಅಕ್ಕ

ಅಕ್ಕನೂ ನಾನೂ ದೇವರನಾಮ ರೆಕಾರ್ಡ್ ಮಾಡಿಸಿದ್ದು ಮುಂಬಯಿ ಹತ್ತಿರದ ಕೋಪರಿಯ ಒಂದು ಫ್ಲ್ಯಾಟಿನ ಮಲಗುವ ಕೋಣೆಯಲ್ಲಿ. ಹೊರಗೆ ಸ್ಟುಡಿಯೋ ಎಂದು ಬೋರ್ಡು, ಒಳಗೆ ಗೋಡೆಗೆಲ್ಲ ಸ್ಪಂಜು. ನಾನು ಡೊಂಬಿವಲಿಯಿಂದ, ಅವಳು ನೆರೂಳದಿಂದ, ಲೋಕಲ್ ರೈಲಿನಲ್ಲಿ ಇಬ್ಬರೂ ಹಿಂಡಿ ಹಿಪ್ಪೆಯಾಗಿ ಬಂದಿದ್ದೆವು. ಈ ವಯಸ್ಸಿನಲ್ಲಿ ಇದೆಲ್ಲ ಯಾಕೆ ಎಂದು ನನ್ನ ಗಂಡ ಕೇಳಿದ್ದರು. ಅವರ ಊಟದ ಡಬ್ಬಿ ಕಟ್ಟಿಟ್ಟು ಹೊರಟಿದ್ದೆ.

ಸ್ಟುಡಿಯೋದವನು ನಮ್ಮ ವಾರಿಗೆಯ ಮರಾಠಿ ಮನುಷ್ಯ, ತಾಳ್ಮೆಯವನು. ಒಬ್ಬೊಬ್ಬರ ದನಿಗೂ ಬೇರೆ ಬೇರೆ ಟ್ರ್ಯಾಕು, ಆದ್ದರಿಂದ ಒಬ್ಬಳು ಗಾಜಿನಾಚೆ ನಿಲ್ಲಬೇಕು ಎಂದ. ಹೆಡ್‌ಫೋನಿನಲ್ಲಿ ತಾಳಕ್ಕೆ ಟಿಕ್ ಟಿಕ್ ಬರುತ್ತದೆ ಎಂದೂ ಹೇಳಿದ. ತಾಳ ಕಲಿಸಲು ಯಂತ್ರ ಬೇರೆ ಬೇಕೇ ಎಂದು ಅಕ್ಕ ಮೊದಲು ಅದನ್ನು ತೆಗೆಸಿದಳು. ಗಾಜಿನ ಮಾತು ಬಂದಾಗ ಕುರ್ಚಿಯಿಂದ ಏಳಲೇ ಇಲ್ಲ.

"ಆಕಿ ನನ್ನ ಮಗ್ಗಲಕ ಇರಲಿಲ್ಲಂದ್ರ ನಾ ಹೆಂಗ ಹಾಡ್ಲಿ?"

ನಾನು ಹಿಂದಿಯಲ್ಲಿ ತಿಳಿಸಿದೆ. ಅವನು ಒಂದೇ ಕೋಣೆಯಲ್ಲಿ ಎರಡು ಮೈಕ್ ನಿಲ್ಲಿಸಿದ. ಒಬ್ಬರ ದನಿ ಇನ್ನೊಬ್ಬರ ಮೈಕಿಗೆ ಸೋರುತ್ತದೆ, ಇದಕ್ಕೆ ಲೀಕೇಜ್ ಅನ್ನುತ್ತಾರೆ, ಆಮೇಲೆ ನನ್ನನ್ನು ಬೈಯಬೇಡಿ ಎಂದ. ಒಂದು ಸಾಲು ನಾನು, ಮುಂದಿನ ಸಾಲು ಅವಳು; ಮೂರನೇ ಟೇಕಿಗೆ ಹಾಡು ಸರಿಯಾಗಿ ಕೂತಿತು.

ಮರುವರ್ಷ ಅಕ್ಕನಿಗೆ ಥೈರಾಯ್ಡ್ ಆಪರೇಷನ್ ಆಯಿತು. ಗಡ್ಡೆ ಹೋಯಿತು, ಆದರೆ ದನಿ ಪಿಸುಮಾತಿಗಿಂತ ಮೇಲೆ ಏಳಲೇ ಇಲ್ಲ. ನೋಡಲು ಬಂದವರೆಲ್ಲ ಜೀವ ಉಳಿಯಿತಲ್ಲ, ಬಿಡಿ ಅನ್ನುತ್ತಿದ್ದರು. ಕೇಳಿ ಕೇಳಿ ನನಗೆ ಮೈಯೆಲ್ಲ ಉರಿಯುತ್ತಿತ್ತು. ಜೀವ ಉಳಿದದ್ದಕ್ಕೆ ನಾನೂ ದೇವರಿಗೆ ತುಪ್ಪದ ದೀಪ ಹಚ್ಚಿದವಳೇ. ಆದರೂ ಅವಳ ಹಾಡು ಬೇಕು ನನಗೆ, ಇವತ್ತಿಗೂ ಬೇಕು.

ಈ ವರ್ಷ ನಮ್ಮ ಕನ್ನಡ ಸಂಘದವರು ಅದೇ ಹಾಡು ಬೇಕೆಂದು ಕೇಳಿದರು. ಈಗ ವೇದಿಕೆಯಲ್ಲಿ ಹಾಡಬಲ್ಲವರ ದನಿಯೇ ಇರಲಿ, ಅಕ್ಕನ ಸಾಲುಗಳನ್ನು ಬೇರೊಬ್ಬರಿಂದ ಹಾಡಿಸಿ ಸೇರಿಸೋಣ ಎಂದರು. ಹೂಂ ಅಂದವಳು ನಾನೇ. ಸ್ಟುಡಿಯೋದವನು ಅಕ್ಕನ ಟ್ರ್ಯಾಕನ್ನು ಮ್ಯೂಟ್ ಮಾಡಿ ನನ್ನದನ್ನಷ್ಟೇ ಹಚ್ಚಿದ. ನನ್ನ ಸಾಲು ಮುಗಿಯಿತು. ಪಕ್ಕದ ಮನೆಯಲ್ಲಿ ಯಾರೋ ಹಾಡುತ್ತಿರುವಂತೆ, ಸಣ್ಣಗೆ, ಅಕ್ಕ ಬಂದಳು. ಇದರ ಮೇಲೆ ಇನ್ನೊಂದು ದನಿ ಕೂರುವುದಿಲ್ಲ ಎಂದು ಅವನು ಕೈಚೆಲ್ಲಿದ. ಆ ಮನುಷ್ಯನಿಗೆ ಕೈ ಮುಗಿಯಬೇಕೆನಿಸಿತು. ಹಾಗೇ ಫೋನಿಗೆ ಹಾಕಿಸಿಕೊಂಡು ನೆರೂಳದ ಗಾಡಿ ಹತ್ತಿದೆ.

ಅಕ್ಕ ಕಣ್ಣು ಮುಚ್ಚಿ ಕೇಳಿದಳು. ಅಳುತ್ತಾಳೆ ಅಂದುಕೊಂಡೆ.

"ಚರಣದಾಗ ಶ್ರುತಿ ಬಿಟ್ಟಿ," ಎಂದು ಪಿಸುಗುಟ್ಟಿದಳು. "ಈಗ ಛಂದಾಗಿ ಹಾಡು."

ಸಣ್ಣವಳಿದ್ದಾಗ ಬರುತ್ತಿದ್ದ ಸಿಟ್ಟೇ ಬಂತು, ಅದರ ಹಿಂದೆಯೇ ಸಂತೋಷ. ಅವಳ ಅಡುಗೆಮನೆಯಲ್ಲೇ ನಿಂತು ಶುರು ಮಾಡಿದೆ. ನನ್ನ ಸಾಲು ಮುಗಿಸಿ ಅವಳ ಸಾಲಿಗೆ ನಿಲ್ಲಿಸಿದೆ. ಅಕ್ಕ ತುಂಬ ಉಸಿರೆಳೆದುಕೊಂಡು ಬಾಯಿ ತೆರೆದಳು.

ದನಿ ಹೋದದ್ದನ್ನು ಇಬ್ಬರೂ ಮರೆತಿದ್ದೆವು.