ಗುಳ್ಳೆಯ ಹಿಂದೆ ಬಂದ ಕೆಸರು

ಮುತ್ತುರಾಜನೆಂದರೆ ಹೊನ್ನಕ್ಕನಿಗೆ ಮೊದಲಿಂದಲೂ ತಾತ್ಸಾರ. ಶಿರಾ ಪೇಟೆಯಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದವನು ಮೊಬೈಲಿನಲ್ಲಿ ನಾಲ್ಕು ವಿಡಿಯೋ ನೋಡಿ, ಮದಲೂರು ಕೆರೆಯ ಮಗ್ಗುಲಲ್ಲಿ ಹದಿನೈದು ಅಡಿ ಆಳದ ಹೊಂಡ ತೋಡಿಸಿ, ಮೀನು ಸಾಕುವ ಪಂಡಿತನಾಗಿಬಿಟ್ಟಿದ್ದ. ಬರುವುದು ವಾರಕ್ಕೊಮ್ಮೆ. ಬಂದರೂ ಬಿಳಿ ಬೂಟಿಗೆ ಕೆಸರು ತಾಗೀತೆಂದು ದಂಡೆಯ ಮೇಲೇ ನಿಂತು ಅಪ್ಪಣೆ ಕೊಡುತ್ತಿದ್ದ. ದಿನವೂ ಮೇವು ಹಾಕಿ ಮೀನು ನೋಡಿಕೊಳ್ಳುತ್ತಿದ್ದವಳು ಹೊನ್ನಕ್ಕ.

ಅವಳಿಗೆ ನೀರು ಹೊಸದಲ್ಲ. ಗಂಡ ಬದುಕಿದ್ದಷ್ಟು ಕಾಲ ಅವನ ಜೊತೆ ಕೆರೆಯಲ್ಲಿ ಬಲೆ ಎಳೆದವಳು. ತಳದಿಂದ ಏಳುವ ಗುಳ್ಳೆ ಒಂಟಿಯಾಗಿ ಬರುವುದಿಲ್ಲ, ಬೆನ್ನ ಹಿಂದೆ ತಳದ ನೀರನ್ನೂ ಎಳೆದು ತರುತ್ತದೆಂಬುದನ್ನು ಎಷ್ಟೋ ಸಲ ಕಣ್ಣಾರೆ ಕಂಡಿದ್ದಳು.

ಒಂದು ಬೆಳಿಗ್ಗೆ ಮುತ್ತುರಾಜ ಗಾಳಿ ಪಂಪು ತಂದ. ಮೀನಿಗೆ ಉಸಿರಾಡಲು ಗಾಳಿ ಬಿಡಬೇಕಂತೆ. ಕೊಳವೆಯನ್ನು ತೀರಾ ತಳಕ್ಕೆ ಇಳಿಸು ಎಂದ.

“ತಳದಲ್ಲಿ ಮೂರು ವರ್ಸದ ಗಲೀಜು ಕೊಳೀತಾ ಬಿದ್ದದೆ ಕಣಣ್ಣ. ಗುಳ್ಳೆ ಅದ್ನೆಲ್ಲ ಮೇಲಕ್ಕೆ ಎಳ್ಕೊಂಡು ಬತ್ತದೆ. ಅರ್ಧಕ್ಕೆ ಬುಡು, ಸಾಕು.”

“ಗಾಳಿ ಹಗೂರ, ಮೇಲಕ್ಕೋಯ್ತದೆ. ಕೆಸರು ಭಾರ, ಕೆಳಗೇ ಇರ್ತದೆ. ಇದು ಸೈನ್ಸು ಕಣಮ್ಮ, ನಿಂಗೆ ತಿಳಿಯಲ್ಲ.”

ಹೊನ್ನಕ್ಕ ಗಾಜಿನ ಬಾಟಲಿಗೆ ಹೊಂಡದ ಕೆಸರು, ನೀರು ತುಂಬಿ, ಕೆಸರು ತಂಗಿದ ಮೇಲೆ ಪರಂಗಿ ಎಲೆಯ ದಂಟನ್ನು ತಳಕ್ಕಿಳಿಸಿ ಮೆಲ್ಲಗೆ ಊದಿದಳು. ಒಂದೇ ಗುಳ್ಳೆ ಎದ್ದಿತು. ಅದರ ಹಿಂದೆಯೇ ಕಪ್ಪು ಎಳೆಯೊಂದು ಸುಳಿಸುಳಿಯಾಗಿ ಮೇಲೇರಿತು. “ನೋಡಣ್ಣ” ಎಂದು ತಲೆಯೆತ್ತಿದರೆ ಅಣ್ಣ ಪಂಪಿನ ಪಕ್ಕ ನಿಂತು ಸೆಲ್ಫಿ ತೆಗೆದುಕೊಳ್ಳುತ್ತಿದ್ದಾನೆ!

ಕೊಳವೆ ತಳಕ್ಕೇ ಇಳಿಯಿತು. ಮಧ್ಯಾಹ್ನದ ಹೊತ್ತಿಗೆ ನೀರು ಮಸಿಯಾಗಿ ಕೊಳೆತ ಮೊಟ್ಟೆಯ ನಾತ ಎದ್ದಿತು. ಕಾಟ್ಲಾ ಮೀನುಗಳು ಬಾಯಿ ತೆರೆದುಕೊಂಡು ಮೇಲಕ್ಕೆ ಬಂದವು. ಪಂಡಿತ ಮೂಗಿಗೆ ಕರ್ಚೀಪು ಹಿಡಿದು ಯಾರ್ಯಾರಿಗೋ ಫೋನು ಹಚ್ಚುತ್ತಲೇ ಇದ್ದ. ಹೊನ್ನಕ್ಕ ಸೀರೆ ಎತ್ತಿ ಕಟ್ಟಿ, ಕೊಳವೆಯನ್ನು ಅರ್ಧಕ್ಕೆ ಎಳೆದು ಬಿಗಿದಳು. ಬೋರ್‌ವೆಲ್ ನೀರನ್ನು ಚಿಮ್ಮಿಸಿ ಹಾಯಿಸಿದಳು. ಸಂಜೆಗೆ ಅರ್ಧದಷ್ಟು ಮೀನು ಉಳಿದಿದ್ದವು. ಸತ್ತವನ್ನು ಒಬ್ಬಳೇ ಬುಟ್ಟಿಗೆ ತುಂಬಿ ಹೂತಳು. ಅವು ಬೆರಳುದ್ದದ ಮರಿಗಳಾಗಿದ್ದಾಗಿನಿಂದ ಸಾಕಿದ ಕೈ ಅದು.

ಊರವರಿಗೆ ಮುತ್ತುರಾಜ ಹೇಳಿದ್ದು, ಮೀನಿಗೆ ರೋಗ ಬಂತೆಂದು. ತಿಂಗಳೊಳಗೆ ಅವನದೇ ವಿಡಿಯೋ ಬಂತು: ‘ನನ್ನ ಸಂಶೋಧನೆ, ಕೊಳವೆ ಅರ್ಧಕ್ಕಿರಲಿ.’ ಪಕ್ಕದ ಮನೆಯ ಭುವನಾ ತೋರಿಸಿದಾಗ ಹೊನ್ನಕ್ಕ ಎಲೆಯಡಿಕೆ ಉಗಿದು, “ಥೂ, ಇವ್ನ ಮಕಕ್ಕಿಷ್ಟು” ಎಂದಳು. ಮರುದಿನವೇ ಕೆಲಸ ಬಿಟ್ಟಳು. ಅವನು ಎರಡು ಸಲ ಮನೆ ಬಾಗಿಲಿಗೆ ಬಂದ. ಅವಳು ಹೊರಗೆ ಬರಲಿಲ್ಲ.

ಈಗ ಅವಳು ಅದೇ ಊರಲ್ಲಿ ಮೀನು ಸಾಕುವ ಶಾಂತಕುಮಾರಿ ಎಂಬವಳ ಹೊಂಡ ನೋಡಿಕೊಳ್ಳುತ್ತಾಳೆ. ಈ ಬೇಸಿಗೆಯಲ್ಲಿ ಮೊದಲ ಬಲೆ ಎಳೆದರು. ಮೀನು ಚೆನ್ನಾಗಿ ಬಂತು.